ಊರಿನ ಸರ್ಕಾರಿ ಪ್ರಾಥಮಿಕ ಶಾಲೆ ಚೆನ್ನಾಗಿದೆಯೇ? ವಾಟ್ಸ್‌ಆ್ಯಪ್ ವಿಡಿಯೋ ನೋಡಿ ಹೇಳಬಹುದೇ?

ಮಕ್ಕಳ ದಾಖಲಾತಿ ಶುರುವಾಗುವ ಹೊತ್ತಿಗೆ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದರಲ್ಲಿ ಹಂಚು ಒಡೆದ, ಗೋಡೆ ಬಿರುಕು ಬಿಟ್ಟ ಕೋಣೆ ಇರುತ್ತದೆ, ಕೆಳಗೆ ‘ಇಂಥ ಕಡೆ ನಿಮ್ಮ ಮಕ್ಕಳನ್ನ ಕಳಿಸ್ತೀರಾ?’ ಎಂಬ ಪ್ರಶ್ನೆ. ಇನ್ನೊಂದರಲ್ಲಿ ರೈಲು ಬೋಗಿಯಂತೆ ಬಣ್ಣ ಬಳಿದ ಶಾಲೆ, ‘ಯಾವ ಖಾಸಗಿ ಶಾಲೆಗೂ ಕಡಿಮೆ ಇಲ್ಲ, ಹೆಮ್ಮೆಯಿಂದ ಶೇರ್ ಮಾಡಿ’ ಎಂಬ ಸಾಲು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಅಲ್ಲಿನ ಮಕ್ಕಳಿಗೆ ಓದಲು ಬರುತ್ತದೆಯೇ ಎಂಬುದನ್ನು ಎರಡರಲ್ಲೂ ಯಾರೂ ತೋರಿಸಿಲ್ಲ.

ಇಲ್ಲಿ ನಾವು ಯಾವುದೋ ಒಂದು ವಿಡಿಯೋ ಅಸಲಿಯೋ ನಕಲಿಯೋ ಎಂದು ಪರಿಶೀಲಿಸುತ್ತಿಲ್ಲ. ವಿಡಿಯೋ ಅಸಲಿಯೇ ಆಗಿದ್ದರೂ ಅದರಿಂದ ಶಾಲೆಯ ಗುಣಮಟ್ಟ ತಿಳಿಯುವುದಿಲ್ಲ ಎಂಬುದು ನಮ್ಮ ವಾದ. ಹಾಗಾದರೆ ಯಾವುದರಿಂದ ತಿಳಿಯುತ್ತದೆ?

‘ಖಾಸಗಿ ಶಾಲೆ ಮಕ್ಕಳೇ ಮುಂದಿದ್ದಾರಲ್ಲ?’

ಹೌದು, ಅಂಕಿಅಂಶದಲ್ಲಿ ಹಾಗೇ ಕಾಣುತ್ತದೆ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಚಿಕ್ಕ ಕತೆ ಕೊಟ್ಟು ಓದಿಸುತ್ತದೆ. 2022ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ 5ನೇ ತರಗತಿ ಮಕ್ಕಳಲ್ಲಿ 2ನೇ ತರಗತಿ ಮಟ್ಟದ ಪಠ್ಯ ಓದಬಲ್ಲವರು ಶೇ 38.5. ಖಾಸಗಿ ಶಾಲೆಗಳಲ್ಲಿ ಶೇ 56.8.

ಈ ಎರಡು ಸಂಖ್ಯೆ ಹಿಡಿದು ‘ನೋಡಿ, ಸರ್ಕಾರಿ ಶಾಲೆಯ ಹಣೆಬರಹ’ ಎನ್ನುವ ಸಂದೇಶಗಳು ಸಾಕಷ್ಟಿವೆ. (ಖಾಸಗಿ ಶಾಲೆಯಲ್ಲೂ 100ರಲ್ಲಿ 43 ಮಕ್ಕಳಿಗೆ 2ನೇ ತರಗತಿಯ ಪಠ್ಯ ಓದಲು ಬರುತ್ತಿಲ್ಲ ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ.) ಆದರೆ ಈ ಎರಡು ಗುಂಪಿನ ಮಕ್ಕಳು ಒಂದೇ ಗೆರೆಯಿಂದ ಓಟ ಶುರು ಮಾಡಿದವರಲ್ಲ. ಶುಲ್ಕ ಕಟ್ಟಬಲ್ಲ ಮನೆಯಲ್ಲಿ ಓದುಬರಹ ಬಲ್ಲ ಅಪ್ಪ ಅಮ್ಮ ಇರುವ ಸಾಧ್ಯತೆ ಹೆಚ್ಚು. ಮಗು ಮೂರು ವರ್ಷಕ್ಕೇ ಎಲ್‌ಕೆಜಿ ಸೇರಿರುತ್ತದೆ, ಸಂಜೆ ಟ್ಯೂಷನ್ನೂ ಇರಬಹುದು. ಇದೆಲ್ಲದರ ಫಲವನ್ನು ಶಾಲೆಯ ಖಾತೆಗೇ ಜಮಾ ಮಾಡಿದರೆ ಲೆಕ್ಕ ತಪ್ಪುತ್ತದೆ.

ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ಬಿಡಿಸಿ ನೋಡುವ ಪ್ರಯೋಗವೊಂದು ಅವಿಭಜಿತ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ನಡೆದಿತ್ತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಲು ಬಯಸಿದ ಬಡ ಕುಟುಂಬಗಳಿಂದ ಅರ್ಜಿ ಪಡೆದು, ಲಾಟರಿ ಎತ್ತಿ, ಗೆದ್ದವರ ಶುಲ್ಕ ಭರಿಸಲಾಯಿತು. ಲಾಟರಿಯಾದ್ದರಿಂದ ಗೆದ್ದವರ ಮನೆಯೂ ಸೋತವರ ಮನೆಯೂ ಸರಿಸುಮಾರು ಒಂದೇ ಬಗೆಯವು. ನಾಲ್ಕು ವರ್ಷದ ನಂತರ ಪರೀಕ್ಷಿಸಿದಾಗ ತೆಲುಗು ಮತ್ತು ಗಣಿತದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದನ್ನು ‘ಸರ್ಕಾರಿ ಶಾಲೆ ಗೆದ್ದಿತು’ ಎಂದು ಫಾರ್ವರ್ಡ್ ಮಾಡುವ ಹಾಗೂ ಇಲ್ಲ. ಆ ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕಡಿಮೆ ಸಮಯ ಕೊಟ್ಟು ಅಷ್ಟೇ ಫಲಿತಾಂಶ ಪಡೆದಿದ್ದವು. ಉಳಿದ ಸಮಯದಲ್ಲಿ ಬೇರೆ ವಿಷಯ ಕಲಿಸಿದ್ದವು, ಹಿಂದಿಯಲ್ಲಿ ಅಲ್ಲಿನ ಮಕ್ಕಳು ಮುಂದಿದ್ದರು. ಪ್ರತಿ ಮಗುವಿಗೆ ಅವು ಮಾಡುತ್ತಿದ್ದ ಖರ್ಚು ಸರ್ಕಾರಿ ಶಾಲೆಯ ಸುಮಾರು ಮೂರನೇ ಒಂದು ಭಾಗ. ಪ್ರಯೋಗ ನಡೆದದ್ದು ಆಂಧ್ರದಲ್ಲಿ, ಅದೂ ದಶಕಕ್ಕೂ ಹಿಂದೆ ಎಂಬುದನ್ನೂ ನೆನಪಿಡಬೇಕು. ಆದರೂ ಒಂದು ಮಾತು ನಿಲ್ಲುತ್ತದೆ. ‘ಸರ್ಕಾರಿ’, ‘ಖಾಸಗಿ’ ಎಂಬ ಬೋರ್ಡ್ ನೋಡಿ ಮಗು ಎಷ್ಟು ಕಲಿಯುತ್ತದೆ ಎಂದು ಹೇಳಲಾಗದು. ನಿಮ್ಮ ಊರಿನ ಆ ನಿರ್ದಿಷ್ಟ ಶಾಲೆಯನ್ನೇ ನೋಡಬೇಕು.

‘ಮಕ್ಕಳು ನೆಲದ ಮೇಲೆ ಕೂತಿದ್ದಾರೆ, ಬರೀ ಗದ್ದಲ’

ಕರ್ನಾಟಕದ ಸರ್ಕಾರಿ ಶಾಲೆಗಳ ಬಗ್ಗೆ ಬರುವ ವಿಡಿಯೋಗಳಲ್ಲಿ ಅತಿ ಹೆಚ್ಚು ತಪ್ಪು ಅರ್ಥ ಕೊಡುವುದು ಇದೇ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತಿರುತ್ತಾರೆ. ಒಬ್ಬರು ಕಾರ್ಡ್ ಜೋಡಿಸುತ್ತಿದ್ದರೆ ಇನ್ನೊಬ್ಬರು ಗೋಡೆಯ ಕೆಳಭಾಗದ ಕಪ್ಪು ಬಣ್ಣದ ಮೇಲೆ ಬರೆಯುತ್ತಿರುತ್ತಾರೆ. ಟೀಚರ್ ಒಂದು ಗುಂಪಿನೊಂದಿಗೆ ನೆಲದ ಮೇಲೇ ಕೂತಿರುತ್ತಾರೆ. ನೋಡಿದವರಿಗೆ ಪಾಠವೇ ನಡೆಯುತ್ತಿಲ್ಲ ಅನ್ನಿಸುತ್ತದೆ.

ಇದು ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಲ್ಲಿ ಆರಂಭಿಸಿದ ಪದ್ಧತಿ. 2009-10ರಲ್ಲಿ ಇದನ್ನು ರಾಜ್ಯದಾದ್ಯಂತ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಲಾಯಿತು. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಿರುತ್ತಾರೆ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಒಂದು ವಾರ ಶಾಲೆ ತಪ್ಪಿಸಿಕೊಂಡ ಮಗು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಸುಗ್ಗಿಯ ಕಾಲದಲ್ಲಿ, ಜಾತ್ರೆಯ ಕಾಲದಲ್ಲಿ ಹಾಜರಾತಿ ಇಳಿಯುವ ಹಳ್ಳಿಗೆ ಇದು ಸಣ್ಣ ಅನುಕೂಲವಲ್ಲ.

ಆದ್ದರಿಂದ ಗದ್ದಲ ಒಂದೇ ದೋಷವಲ್ಲ. ಹಾಗೆಂದು ಎಲ್ಲ ನಲಿ-ಕಲಿ ಕೋಣೆಯೂ ಚೆನ್ನಾಗಿ ನಡೆಯುತ್ತದೆ ಎಂದೂ ಅಲ್ಲ. ವ್ಯತ್ಯಾಸ ಕಂಡುಹಿಡಿಯಲು ಕಾರ್ಡುಗಳನ್ನು ನೋಡಿ. ಬಳಕೆಯಾಗುವ ಕಾರ್ಡಿನ ಅಂಚು ಸವೆದಿರುತ್ತದೆ, ಕೊಳೆಯಾಗಿರುತ್ತದೆ. ಬೀರುವಿನಲ್ಲಿ ಕಟ್ಟು ಬಿಚ್ಚದೆ ಹೊಸದಾಗೇ ಇದ್ದರೆ ಯೋಚಿಸಬೇಕು. ತಲೆಯ ಮೇಲಿನ ‘ಚಪ್ಪರ’ದಲ್ಲಿ ತೂಗಿರುವುದು ಈ ವರ್ಷದ ಮಕ್ಕಳು ಮಾಡಿದ್ದೋ, ವರ್ಷಗಟ್ಟಲೆ ದೂಳು ಹಿಡಿದದ್ದೋ? ಎಲ್ಲಕ್ಕಿಂತ ಸುಲಭದ ದಾರಿ, ಮಗುವನ್ನೇ ‘ನೀನು ಏಣಿಯಲ್ಲಿ ಎಲ್ಲಿದ್ದೀಯಾ, ತೋರಿಸು ಪುಟ್ಟಾ’ ಎಂದು ಕೇಳುವುದು. ಪದ್ಧತಿ ನಿಜವಾಗಿ ನಡೆಯುವ ಕಡೆ ಮಗು ಓಡಿ ಹೋಗಿ ಬೆರಳಿಟ್ಟು ತೋರಿಸುತ್ತದೆ.

ಶಿಕ್ಷಕರನ್ನು ಎಣಿಸಿ

ಕಟ್ಟಡ, ಬಣ್ಣ, ಸ್ಮಾರ್ಟ್ ಬೋರ್ಡ್ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಎಷ್ಟು ತರಗತಿಗೆ ಎಷ್ಟು ಶಿಕ್ಷಕರು? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4 ಶಿಕ್ಷಕರು ಇರಬೇಕು.

ಫಾರ್ವರ್ಡ್ ಸಂದೇಶದ ನಿಜವಾದ ಅಪಾಯ ಇರುವುದು ಈ ಲೆಕ್ಕದಲ್ಲಿ. 62 ಮಕ್ಕಳಿರುವ ಶಾಲೆಯೊಂದರ ಬಗ್ಗೆ ‘ಅಲ್ಲಿ ಪಾಠವೇ ಇಲ್ಲ’ ಎಂಬ ವಿಡಿಯೋ ಹರಿದಾಡಿ ಮೂವರು ತಂದೆತಾಯಿ ಮಕ್ಕಳನ್ನು ಬಿಡಿಸಿದರು ಎಂದುಕೊಳ್ಳಿ. ಮಕ್ಕಳ ಸಂಖ್ಯೆ 59 ಆಯಿತು. ಕಾಯ್ದೆಯ ಲೆಕ್ಕದಲ್ಲಿ ಈಗ ಇಬ್ಬರು ಶಿಕ್ಷಕರು ಸಾಕು, ಮೂರನೆಯವರು ‘ಹೆಚ್ಚುವರಿ’. ಅವರು ಬೇರೆ ಶಾಲೆಗೆ ಹೋದರೆ ಐದು ತರಗತಿಗೆ ಉಳಿಯುವವರು ಇಬ್ಬರೇ. ಮೊದಲು ಸುಳ್ಳಾಗಿದ್ದ ಸಂದೇಶ ಮುಂದಿನ ವರ್ಷ ಅರ್ಧ ನಿಜವಾಗುತ್ತದೆ. ಅಲ್ಲೇ ಉಳಿಯುವವರು ಬೇರೆ ದಾರಿಯಿಲ್ಲದ ಮನೆಯ ಮಕ್ಕಳು.

ನಿಮ್ಮ ಶಾಲೆಯ ಲೆಕ್ಕವನ್ನು ಮನೆಯಿಂದಲೇ ನೋಡಬಹುದು. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಸಂಖ್ಯೆ ಇದೆ. ಕೇಂದ್ರ ಶಿಕ್ಷಣ ಇಲಾಖೆಯ ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯನ್ನು ಹುಡುಕಿದರೆ ಮಕ್ಕಳು, ಶಿಕ್ಷಕರು, ಕೋಣೆ, ಶೌಚಾಲಯದ ವಿವರ ಸಿಗುತ್ತದೆ. ಇದು ಶಾಲೆಯೇ ತುಂಬಿ ಕೊಡುವ ಮಾಹಿತಿ ಎಂಬುದು ನೆನಪಿರಲಿ. ‘ಶೌಚಾಲಯ ಇದೆ’ ಎಂದು ಬರೆದಿರಬಹುದು, ಅದಕ್ಕೆ ಬೀಗ ಇದೆಯೋ, ನಲ್ಲಿಯಲ್ಲಿ ನೀರು ಬರುತ್ತದೆಯೋ ಎಂಬುದು ಹೋಗಿ ನೋಡಿದರೇ ಗೊತ್ತಾಗುವುದು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರಿದ್ದಾರೆಯೇ, ಅವರು ಜೂನ್‌ನಲ್ಲೇ ಬಂದರೋ ತಡವಾಗಿ ಬಂದರೋ ಎಂದೂ ಕೇಳಿ. ತಡವಾದ ಒಂದೊಂದು ತಿಂಗಳೂ ಒಂದನೇ ತರಗತಿಯ ಮಗುವಿಗೆ ದುಬಾರಿ.

ಮೊಬೈಲ್ ಹಿಡಿದು ಕೂತ ಶಿಕ್ಷಕರ ಫೋಟೊ ಕೂಡ ಆಗಾಗ ಬರುತ್ತದೆ. ಅವರು ರೀಲ್ಸ್ ನೋಡುತ್ತಿರಬಹುದು, ಇಲಾಖೆಗೆ ಆನ್‌ಲೈನ್‌ನಲ್ಲಿ ಮಾಹಿತಿ ತುಂಬುತ್ತಲೂ ಇರಬಹುದು. ಫೋಟೊದಿಂದ ಎರಡನ್ನೂ ಸಾಬೀತು ಮಾಡಲಾಗದು.

ರಿಸಲ್ಟ್ ಪಟ್ಟಿಯಿಂದ ಏನೂ ತಿಳಿಯದೇ?

ಸ್ವಲ್ಪವೇ ತಿಳಿಯುತ್ತದೆ. ಪ್ರಾಥಮಿಕ ಶಾಲೆಯ ತರಗತಿಗಳು ಚಿಕ್ಕವು. ಎಂಟು ಮಕ್ಕಳ ತರಗತಿಯಲ್ಲಿ ಒಂದು ಮಗು ಹಿಂದುಳಿದರೆ ಫಲಿತಾಂಶ ಶೇ 12.5ರಷ್ಟು ಕುಸಿಯುತ್ತದೆ. ಮರುವರ್ಷ ಜಾಣ ಮಕ್ಕಳ ಬ್ಯಾಚ್ ಬಂದರೆ ಶಾಲೆ ‘ತಾಲ್ಲೂಕಿಗೇ ಪ್ರಥಮ’. ಎರಡು ವರ್ಷವೂ ಪಾಠ ಮಾಡಿದವರು ಅದೇ ಮೇಷ್ಟ್ರು.

ಪರೀಕ್ಷೆ ನಡೆಸುವ ರೀತಿ ಬದಲಾದರೂ ಅಂಕಿ ಬದಲಾಗುತ್ತದೆ. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾಗಿರಲು ಸಾಧ್ಯವಿಲ್ಲ.

ಐದು ನಿಮಿಷದ ಪರೀಕ್ಷೆ

ಅಸರ್ ಬಳಸುವ ವಿಧಾನ ಎಷ್ಟು ಸರಳವೆಂದರೆ ಜಗಲಿಯ ಮೇಲೆ ಕೂತು ಯಾರು ಬೇಕಾದರೂ ಮಾಡಬಹುದು. ನೀವು ನೋಡುತ್ತಿರುವ ಶಾಲೆಗೇ ಹೋಗುವ, ಮೂರನೇ ತರಗತಿ ದಾಟಿದ ನಾಲ್ಕಾರು ಮಕ್ಕಳು ಬೀದಿಯಲ್ಲಿ ಸಿಗುತ್ತಾರೆ. ಅವರಿಗೆ ಎಂಟು ಹತ್ತು ಸಾಲಿನ, ಸುಲಭ ಪದಗಳ ಕತೆ ಕೊಡಿ. ಅವರ ಪಠ್ಯಪುಸ್ತಕದ್ದು ಬೇಡ, ಅದು ಬಾಯಿಪಾಠ ಆಗಿರುತ್ತದೆ. ಮಕ್ಕಳ ಪತ್ರಿಕೆಯ ತುಣುಕೋ, ನೀವೇ ಬರೆದದ್ದೋ ಆಗಬಹುದು. ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೋ, ವಾಕ್ಯವಾಗಿ ಓದುತ್ತಾರೋ ಗಮನಿಸಿ. ಒತ್ತಕ್ಷರ ಬಂದಾಗ ಏನಾಗುತ್ತದೆ? ಓದಿದ ಮೇಲೆ ‘ಕತೆಯಲ್ಲಿ ಏನಾಯ್ತು?’ ಎಂದು ಕೇಳಿ. ಸರಾಗವಾಗಿ ಓದಿ ಒಂದು ಮಾತೂ ಹೇಳಲಾಗದಿದ್ದರೆ ಅದು ಓದಲ್ಲ, ಉಚ್ಚಾರಣೆ ಅಷ್ಟೇ.

ಗಣಿತಕ್ಕೆ ಎರಡು ಲೆಕ್ಕ ಸಾಕು. 52ರಿಂದ 27 ಕಳೆಯುವುದು, ಅಂದರೆ ದಶಕ ತೆಗೆದುಕೊಂಡು ಮಾಡುವ ವ್ಯವಕಲನ. ನಾಲ್ಕು, ಐದನೇ ತರಗತಿಯವರಾದರೆ 847ನ್ನು 6ರಿಂದ ಭಾಗಿಸಲು ಹೇಳಿ. 141 ಬಂದು 1 ಉಳಿಯಬೇಕು.

ಎರಡು ಎಚ್ಚರಿಕೆ. ಒಂದು ಮಗುವನ್ನು ನೋಡಿ ಶಾಲೆಯನ್ನು ಅಳೆಯಬೇಡಿ. ಮತ್ತು ದಯವಿಟ್ಟು ವಿಡಿಯೋ ಮಾಡಬೇಡಿ. ಮಗುವಿನ ಮುಂದೆ ಮೈಕ್ ಹಿಡಿದು ಇಂಗ್ಲಿಷ್ ಪದದ ಸ್ಪೆಲಿಂಗ್ ಕೇಳಿ ನಗುವ ವಿಡಿಯೋಗಳನ್ನು ನೀವು ನೋಡಿರುತ್ತೀರಿ. ಕ್ಯಾಮೆರಾ ಮುಂದೆ ದೊಡ್ಡವರಿಗೇ ಮಾತು ತಡವರಿಸುತ್ತದೆ. ಆ ಮಗು ನಾಳೆ ಅದೇ ಬೀದಿಯಲ್ಲಿ ಓಡಾಡಬೇಕು.

ಸಾಧ್ಯವಾದರೆ ಅದೇ ಮಕ್ಕಳನ್ನು ಜೂನ್‌ನಲ್ಲೊಮ್ಮೆ, ಫೆಬ್ರುವರಿಯಲ್ಲೊಮ್ಮೆ ನೋಡಿ. ಜೂನ್‌ನಲ್ಲಿ ಅಕ್ಷರ ಗುರುತಿಸಲು ಒದ್ದಾಡುತ್ತಿದ್ದ ಮಗು ಫೆಬ್ರುವರಿಗೆ ಪ್ಯಾರಾ ಓದುತ್ತಿದ್ದರೆ ಅಲ್ಲಿ ಒಳ್ಳೆಯ ಪಾಠ ನಡೆಯುತ್ತಿದೆ, ಗೋಡೆಗೆ ಬಣ್ಣ ಇಲ್ಲದಿದ್ದರೂ. ಮೊದಲೇ ಓದು ಬಲ್ಲ ಮಕ್ಕಳನ್ನು ಸೇರಿಸಿಕೊಂಡು ಅಷ್ಟರಲ್ಲೇ ಇಟ್ಟ ಶಾಲೆಗಿಂತ ಇದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಇಂಗ್ಲಿಷ್ ಬೇಕೆನ್ನುವ ತಂದೆತಾಯಿಯರನ್ನು ಗೇಲಿ ಮಾಡುವುದು ನಮಗೆ ಸರಿ ಕಾಣುವುದಿಲ್ಲ. ಅದು ನ್ಯಾಯವಾದ ಆಸೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ, 2019-20ರಿಂದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗವೂ ಇದೆ. ಆದರೆ ಗೇಟಿನ ಮೇಲೆ ‘ಇಂಗ್ಲಿಷ್ ಮೀಡಿಯಂ’ ಎಂದು ಬರೆದಿರುವುದು ಬೇರೆ, ಒಳಗಿನ ಮಗು ಇಂಗ್ಲಿಷ್‌ನಲ್ಲಿ ಎರಡು ವಾಕ್ಯ ತಾನಾಗಿ ಹೇಳುವುದು ಬೇರೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಇದನ್ನೂ ಮಗುವಿನ ಬಾಯಿಂದಲೇ ಕೇಳಿ ನೋಡಬೇಕು.

ಕೊರತೆ ಕಂಡರೆ

ಗುಂಪಿಗೆ ಫೋಟೊ ಹಾಕುವ ಮೊದಲು ಎಸ್‌ಡಿಎಂಸಿಯನ್ನು ನೆನೆಯಿರಿ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ ಕರ್ನಾಟಕದಲ್ಲಿ 2001ರಲ್ಲೇ ಈ ಸಮಿತಿಗಳು ಬಂದವು. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಡೀ ದೇಶದಲ್ಲಿ ಇಂಥ ಸಮಿತಿ ಕಡ್ಡಾಯವಾಯಿತು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಿಮ್ಮ ಶಾಲೆಯ ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು, ಅದರಲ್ಲಿ ಮಕ್ಕಳ ಓದಿನ ಮಾತು ಬಂತೋ ಬರೀ ಕಾಂಪೌಂಡಿನ ಮಾತೋ ಎಂದು ಕೇಳಿ. ಶಾಲೆ ಹೇಗೆ ನಡೆಯುತ್ತಿದೆ ಎಂಬುದರ ಸುಳಿವು ಆ ಉತ್ತರದಲ್ಲೂ ಇರುತ್ತದೆ.

ಸಮಿತಿಯಿಂದ ಆಗದಿದ್ದರೆ ಕ್ಲಸ್ಟರ್‌ನ ಸಿಆರ್‌ಪಿ, ಅಲ್ಲೂ ಆಗದಿದ್ದರೆ ತಾಲ್ಲೂಕಿನ ಬಿಇಒ ಕಚೇರಿ. ಬಾಯಿಮಾತಿನ ದೂರು ಬೇಡ, ಬರೆದು ಕೊಡಿ. ಅರ್ಜಿಯಲ್ಲಿ ಶಾಲೆಯ ಯು-ಡೈಸ್ ಸಂಖ್ಯೆ, ತರಗತಿವಾರು ಮಕ್ಕಳ ಸಂಖ್ಯೆ, ಈಗ ಇರುವ ಶಿಕ್ಷಕರ ಸಂಖ್ಯೆ ಇಷ್ಟನ್ನು ನಮೂದಿಸಿ, ನಾಲ್ಕು ಮನೆಯವರ ಸಹಿ ಹಾಕಿಸಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ. ಗುಂಪಿಗೆ ಹಾಕಲೇಬೇಕು ಅನ್ನಿಸಿದರೆ ಆ ಪ್ರತಿಯ ಫೋಟೊ ಹಾಕಬಹುದು.