ಆರು ದಿನದ ನಾಟಕ, 250 ಡಾಲರ್ ಬಹುಮಾನ



ಕಾಲೇಜಿನ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂತು ಎಂದು ಮನೆಗೆ ಫೋನ್ ಮಾಡಿದರೆ ಅಪ್ಪ ಅಮ್ಮ ಏನನ್ನುತ್ತಾರೆ? "ತುಂಬಾ ಸಂತೋಷ. ಸರಿ, ಓದು ಹೇಗೆ ನಡೀತಿದೆ?" ಗಣಿತದ ಪದಕಕ್ಕೆ ಸಿಗುವ ಚಪ್ಪಾಳೆ ಕಥೆಗೆ ಸಿಗುವುದು ಕಡಿಮೆ. ಹಾಗೆ ಗೆದ್ದವರಿಗೂ, ಬರೆದದ್ದನ್ನು ಕಳಿಸಲೋ ಬೇಡವೋ ಎಂದು ಕೂತವರಿಗೂ ಇವತ್ತು ಒಂದು ಹಳೆಯ ಸ್ಪರ್ಧೆಯ ಕಥೆ ಹೇಳುತ್ತೇನೆ.

ಏವರಿ ಹಾಪ್‌ವುಡ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1905ರಲ್ಲಿ ಪದವಿ ಪಡೆದವರು. 1920ರಲ್ಲಿ ಅವರ ನಾಲ್ಕು ನಾಟಕಗಳು ಬ್ರಾಡ್‌ವೇಯಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು. 1928ರಲ್ಲಿ ಅವರು ತೀರಿಕೊಂಡಾಗ, ಆಸ್ತಿಯ ಐದನೆಯ ಒಂದು ಪಾಲು ತಾವು ಓದಿದ ವಿಶ್ವವಿದ್ಯಾಲಯಕ್ಕೆ ಸೇರುವಂತೆ ಉಯಿಲು ಬರೆದಿಟ್ಟಿದ್ದರು. ಬರೆಯುವ ವಿದ್ಯಾರ್ಥಿಗಳಿಗೆ ಬಹುಮಾನ ಕೊಡಬೇಕು, ಹೊಸತಾದ, ರೂಢಿ ಮುರಿಯುವ ಬರಹಕ್ಕೆ ವಿಶೇಷ ಪ್ರೋತ್ಸಾಹ ಸಿಗಬೇಕು ಎಂಬುದು ಅವರ ಆಸೆ. 1931ರಿಂದ ಬಹುಮಾನ ಶುರುವಾಯಿತು. ಇಂದಿಗೂ ನಡೆದಿದೆ.

ಈ ಬಹುಮಾನದ ಸುದ್ದಿ ನ್ಯೂಯಾರ್ಕಿನ ಒಬ್ಬ ಹುಡುಗನ ಕಿವಿಗೆ ಬಿತ್ತು. ಅವನ ಅಪ್ಪ ಇಂದಿನ ಪೋಲೆಂಡ್ ಕಡೆಯಿಂದ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ಓದುಬರಹ ಅಷ್ಟಕ್ಕಷ್ಟೇ. ಆದರೂ ಹೆಂಗಸರ ಕೋಟು ತಯಾರಿಸುವ ದೊಡ್ಡ ವ್ಯಾಪಾರ ಕಟ್ಟಿದ್ದರು. 1929ರ ಆರ್ಥಿಕ ಕುಸಿತದಲ್ಲಿ ಅದು ಮುಳುಗಿತು. ಹುಡುಗನ ಅಂಕಗಳೂ ಕಡಿಮೆ. ಮಿಷಿಗನ್ ವಿಶ್ವವಿದ್ಯಾಲಯ ಅವನ ಅರ್ಜಿಯನ್ನು ಎರಡು ಸಲ ತಿರಸ್ಕರಿಸಿತು. ಅವನು ಡೀನ್‌ಗೆ ಪತ್ರ ಬರೆದು ಇನ್ನೊಂದು ಅವಕಾಶ ಕೇಳಿದ. ಬ್ಯಾಂಕಿನಲ್ಲಿ 500 ಡಾಲರ್ ಇದೆ ಎಂದು ತೋರಿಸಬೇಕಿತ್ತು. ಅದಕ್ಕಾಗಿ ಕಾರಿನ ಬಿಡಿಭಾಗಗಳ ಗೋದಾಮಿನಲ್ಲಿ ವಾರಕ್ಕೆ 15 ಡಾಲರಿಗೆ ದುಡಿದ. 1934ರಲ್ಲಿ ಸೀಟು ಸಿಕ್ಕಿತು. ಖರ್ಚಿಗೆಂದು ಪ್ರಯೋಗಾಲಯದ ಇಲಿಗಳಿಗೆ ಆಹಾರ ಹಾಕುವ ಕೆಲಸವನ್ನೂ ಮಾಡಿದ.

1936ರ ವಸಂತದ ರಜೆಯಲ್ಲಿ ಅವನು ಆರು ದಿನ ಕೂತು ಮೊದಲ ನಾಟಕ ಬರೆದ. ಒಂದು ಅಂಕ ಎಷ್ಟು ಹೊತ್ತಿರಬೇಕು ಎಂಬುದನ್ನೂ ಪಕ್ಕದ ಕೋಣೆಯವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು! ನಾಟಕದ ಹೆಸರು 'ನೋ ವಿಲನ್'. ಕೋಟು ತಯಾರಿಸುವ ಅಪ್ಪ, ನಷ್ಟದ ಅಂಚಿನ ವ್ಯಾಪಾರ, ಕೆಲಸಗಾರರ ಮುಷ್ಕರ, ಅಪ್ಪನ ಪರವೋ ಮುಷ್ಕರದ ಪರವೋ ಎಂದು ತೊಳಲುವ ಕಾಲೇಜು ಓದುವ ಮಗ. ಅವನ ಮನೆಯದೇ ಕಥೆ. ಹೆಸರೇ ಹೇಳುವಂತೆ, ಆ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ.

ಅದಕ್ಕೆ ಹಾಪ್‌ವುಡ್ ಬಹುಮಾನ ಬಂತು: 250 ಡಾಲರ್. ಗೋದಾಮಿನ ಲೆಕ್ಕದಲ್ಲಿ ಸುಮಾರು ಹದಿನೇಳು ವಾರದ ಸಂಬಳ. ಬರೆಯುವುದೂ ಒಂದು ಕೆಲಸವೇ ಎಂದು ಮೊದಲ ಸಲ ಯಾರೋ ಒಪ್ಪಿಕೊಂಡಂತಾಯಿತು. ಮರುವರ್ಷ ಮತ್ತೆ ಗೆದ್ದ. 1938ರಲ್ಲಿ, ಸೆರೆಮನೆಗೆ ಹೋಗಿ ನೋಡಿ ಬಂದು ಬರೆದ ಮೂರನೆಯ ನಾಟಕಕ್ಕೆ ಮೊದಲ ಸ್ಥಾನ ಸಿಗಲಿಲ್ಲ. ಅವನು ಬರೆಯುವುದನ್ನು ಬಿಡಲಿಲ್ಲ. ಆ ಹುಡುಗನೇ ಆರ್ಥರ್ ಮಿಲ್ಲರ್. 1949ರಲ್ಲಿ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕಕ್ಕೆ ಪುಲಿಟ್ಜರ್ ಬಂತು. ಅಲ್ಲಿಯೂ ಸೋತ ಒಬ್ಬ ಅಪ್ಪ, ಅಪ್ಪನ ಜೊತೆ ಜಗಳವಾಡುವ ಮಕ್ಕಳು. ಆನ್ ಆರ್ಬರಿನ ಆ ಆರು ದಿನಗಳಲ್ಲಿ ಹಿಡಿದ ಎಳೆಯನ್ನು ಅವರು ಕೈಬಿಟ್ಟಿರಲಿಲ್ಲ. 'ನೋ ವಿಲನ್' ಮಾತ್ರ ರಂಗಕ್ಕೆ ಬರಲು 2015ರವರೆಗೆ, ಲಂಡನ್ನಿನ ಒಂದು ಪುಟ್ಟ ರಂಗಮಂದಿರಕ್ಕಾಗಿ, ಕಾಯಬೇಕಾಯಿತು.

ಇದನ್ನು ನಿಮಗೆ ಯಾಕೆ ಹೇಳಿದೆ? ಬಹುಮಾನ ಬಂದವರೆಲ್ಲ ಮಿಲ್ಲರ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಬೇರೆ ದೇಶದಿಂದ ಬಂದ ಅಪ್ಪನ ದುಡಿಮೆ, ಸೋಲು, ಊಟದ ಹೊತ್ತಿನ ವಾದ ಇವೇ ಅವನಿಗೆ ವಸ್ತುವಾದವು. "ನಮ್ಮ ಮನೆಯಲ್ಲಿ ಬರೆಯುವಂಥದ್ದು ಏನಿದೆ?" ಅನ್ನುವ ಮುನ್ನ ಇದನ್ನು ನೆನೆಯಿರಿ.

ಇನ್ನೊಂದು ಮಾತು. ನೀವು ಗೆದ್ದ ಕಥೆ ಇಂಗ್ಲಿಷಿನಲ್ಲಿದ್ದು ಅಜ್ಜಿಗೆ ಓದಲು ಬಾರದಿದ್ದರೆ, ಈ ಭಾನುವಾರ ಫೋನಿನಲ್ಲಿ ಅದನ್ನು ಕನ್ನಡದಲ್ಲಿ ಹೇಳಿ. ತಡವರಿಸಿದರೂ ಪರವಾಗಿಲ್ಲ. ನಿಮ್ಮ ಬಹುಮಾನದ ಚಪ್ಪಾಳೆ ಅಲ್ಲಿಂದಲೂ ಬರಲಿ.