ಮೆಣಸಿನಕಾಯಿ ಇಲ್ಲದ ಪಾಕ

ದಾವಣಗೆರೆಯಲ್ಲಿ ಮಂಡಕ್ಕಿ ಎಂದರೆ ಜೊತೆಗೆ ಮೆಣಸಿನಕಾಯಿ ಇರಲೇಬೇಕು. ಇದು ಅನಾದಿ ಕಾಲದ ಜೋಡಿ ಎಂದೇ ನಂಬಿದ್ದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಆ ನಂಬಿಕೆ ಕೆಡಿಸಿತು. 16ನೆಯ ಶತಮಾನದ ಆದಿಯಲ್ಲಿ ಈ ಜೈನ ಕವಿ ವಾರ್ಧಕ ಷಟ್ಪದಿಯಲ್ಲಿ ಬರೆದ ಪಾಕಗ್ರಂಥದಲ್ಲಿ ಮೆಣಸಿನಕಾಯಿಯೇ ಇಲ್ಲ! ಅಮೆರಿಕದ ಆ ಕಾಯಿಯನ್ನು ಇಲ್ಲಿಗೆ ತಂದವರು 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಪೋರ್ಚುಗೀಸರ ಕಡೆಯವರು. ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸು. ಹೊಸ ಕಾಯಿಗೆ ನಾವು ಹಳೆಯ ಹೆಸರನ್ನೇ ಅಂಟಿಸಿದೆವು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮಾಳವದ ಮಾಂಡುವಿನಲ್ಲಿ, ಸುಲ್ತಾನ್ ಘಿಯಾಸ್ ಶಾಹನ ನಾಲಿಗೆ ರುಚಿಗೆ ತಕ್ಕಂತೆ, ಫಾರಸಿಯ ‘ನಿಅಮತ್‌ನಾಮಾ’ ಸಿದ್ಧವಾಯಿತು. ಅಲ್ಲಿ ಮಾಂಸ ಧಾರಾಳ. ಮಂಗರಸನಲ್ಲಿ ಬರೀ ಸಸ್ಯಾಹಾರ. ಆದರೂ ಬದನೆಕಾಯಿಯ ಮುಂದೆ ಇಬ್ಬರೂ ಸೋತಿದ್ದಾರೆ. ಮಂಗರಸ ಅದರ ಬಗೆಬಗೆಯ ಪಾಕ ಹೇಳಿದರೆ, ಮಾಂಡುವಿನವರು ಅದನ್ನು ಖೀಮಾದೊಂದಿಗೆ ಸಮೋಸಾದೊಳಗೂ ತುಂಬಿದರು.

ಹರಿಹರದ ಮನೆಯಲ್ಲಿ ಒಮ್ಮೆ ಬರೀ ಕಾಳುಮೆಣಸು ಹಾಕಿ ಬದನೆ ಹುರಿದೆ. ಅಮ್ಮಿ ಒಂದು ತುತ್ತು ತಿಂದರು. “ಈ ಖಾರ ಬಾಣಂತಿಗೆ ಕೊಡೋದು. ಬಾಣಂತಿಗೆ ಬದನೆ ಯಾರು ಕೊಡ್ತಾರೆ?” ಎಂದು ನಕ್ಕು, ತಮ್ಮ ಅತ್ತೆ ಮಾಡುತ್ತಿದ್ದ ಬಾಣಂತಿ ಸಾರನ್ನು ಬಾಯಲ್ಲೇ ಹೇಳಿದರು. ನಮ್ಮ ಮನೆಯಲ್ಲಿ ಯಾರೂ ಅದನ್ನು ಬರೆದಿಟ್ಟಿರಲಿಲ್ಲ. ಆ ರಾತ್ರಿ ನಾನು ಬರೆದೆ. ಅಳತೆಯ ಜಾಗದಲ್ಲಿ ಅವರು ಹೇಳಿದಂತೆ ‘ಅಂದಾಜು’ ಎಂದೇ.