ಅಂಗೈಯಲ್ಲಿ ಆಂಟಿಕಿತೆರಾ: ಮೊಬೈಲ್ ಪರದೆಯ ಮೇಲೆ ಗ್ರೀಕರ ಖಗೋಳ ಯಂತ್ರ

ಎರಡು ಸಾವಿರ ವರ್ಷಗಳ ಹಿಂದೆ ಕಡಲ ತಳ ಸೇರಿದ ಕಂಚಿನ ಯಂತ್ರವೊಂದು ಇಂದು ಮೊಬೈಲ್ ಪರದೆಯ ಮೇಲೆ ಮತ್ತೆ ತಿರುಗುತ್ತಿದೆ. ಬೆರಳಿನಿಂದ ಹಿಡಿಕೆ ತಿರುಗಿಸಿದರೆ ಹಲ್ಲುಚಕ್ರಗಳು ಒಂದನ್ನೊಂದು ತಳ್ಳುತ್ತವೆ. ಸೂರ್ಯ, ಚಂದ್ರರ ಮುಳ್ಳುಗಳು ರಾಶಿಚಕ್ರದ ಮೇಲೆ ಸರಿಯುತ್ತವೆ. ಪ್ರಾಚೀನ ಗ್ರೀಕರ ಗಣಕವೆಂದೇ ಹೆಸರಾದ ಆಂಟಿಕಿತೆರಾ ಯಂತ್ರದ ಅನುಕರಣ ತಂತ್ರಾಂಶಗಳ ಪರಿಚಯ ಇಲ್ಲಿದೆ. ಅವು ತೋರಿಸುವುದರಲ್ಲಿ ಸಾಕ್ಷ್ಯವೆಷ್ಟು, ಊಹೆಯೆಷ್ಟು ಎಂಬುದನ್ನೂ ಬಳಕೆದಾರರು ಅರಿತಿರುವುದು ಒಳಿತು.

ಕಡಲಿನಿಂದ ಬಂದ ಯಂತ್ರ

ಗ್ರೀಸಿನ ಪುಟ್ಟ ದ್ವೀಪ ಆಂಟಿಕಿತೆರಾ ಬಳಿ 1900ರಲ್ಲಿ ಸ್ಪಂಜು ಸಂಗ್ರಹಿಸುವ ಮುಳುಗುಗಾರರಿಗೆ ಕ್ರಿ.ಪೂ. ಒಂದನೆಯ ಶತಮಾನದ ಸರಕು ಹಡಗಿನ ಅವಶೇಷ ಕಂಡಿತು. ಅಲ್ಲಿಂದ ಮೇಲೆತ್ತಿದ ಕಿಲುಬುಗಟ್ಟಿದ ಮುದ್ದೆಯೊಂದರಲ್ಲಿ ಹಲ್ಲುಚಕ್ರವಿರುವುದನ್ನು 1902ರಲ್ಲಿ ಪುರಾತತ್ವಜ್ಞ ವಲೇರಿಯೋಸ್ ಸ್ಟಾಯಿಸ್ ಗುರುತಿಸಿದರು. ಕ್ಷ-ಕಿರಣ ಚಿತ್ರಗಳ ನೆರವಿನಿಂದ ಡೆರೆಕ್ ಡಿ ಸೋಲ್ಲಾ ಪ್ರೈಸ್ 1974ರಲ್ಲಿ ಅದರ ಒಳರಚನೆಯನ್ನು ವಿವರಿಸಿದರು. 2005ರಲ್ಲಿ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ನಡೆದ ಸಿ.ಟಿ. ಸ್ಕ್ಯಾನ್ ಹೊಸ ವಿವರಗಳನ್ನು ಬಯಲಿಗೆ ತಂದಿತು. ಉಳಿದಿರುವುದು 82 ತುಣುಕುಗಳು, 30 ಹಲ್ಲುಚಕ್ರಗಳು ಮಾತ್ರ.

ಹಲ್ಲುಗಳ ಲೆಕ್ಕ

19 ಸೌರವರ್ಷಗಳಲ್ಲಿ 235 ಚಾಂದ್ರಮಾಸಗಳಿರುತ್ತವೆ. ಅಂದರೆ ವರ್ಷಕ್ಕೆ 12ರಂತೆ 228, ಜೊತೆಗೆ ಏಳು ಅಧಿಕ ಮಾಸಗಳು. ಪಂಚಾಂಗ ಬಲ್ಲವರಿಗೆ ಈ ತತ್ವ ಅಪರಿಚಿತವಲ್ಲ. ಇದೇ ಅವಧಿಯಲ್ಲಿ ಚಂದ್ರ ರಾಶಿಚಕ್ರವನ್ನು 254 ಬಾರಿ ಸುತ್ತುತ್ತಾನೆ. 254ರ ಅರ್ಧವಾದ 127 ಹಲ್ಲುಗಳ ಚಕ್ರ ಯಂತ್ರದಲ್ಲಿದೆ. ಚಂದ್ರನ ವೇಗ ಒಂದೇ ಸಮನಲ್ಲ. ಅದನ್ನು ತೋರಿಸಲು ಒಂದು ಚಕ್ರದ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರುವಂತೆ, ಎರಡರ ಅಚ್ಚುಗಳನ್ನು ತುಸು ಸರಿಸಿ ಜೋಡಿಸಲಾಗಿದೆ.

ನೀವೇ ಪರೀಕ್ಷಿಸಿ

ಹಿಂಬದಿಯ ಗ್ರಹಣ ಸುರುಳಿಯಲ್ಲಿ 223 ತಿಂಗಳ ಮನೆಗಳಿವೆ. 223 ಚಾಂದ್ರಮಾಸವೆಂದರೆ ಸುಮಾರು 6,585 ದಿನ, 8 ಗಂಟೆ. ಈ ಸುರುಳಿಯಿರುವ ತಂತ್ರಾಂಶದಲ್ಲಿ ಮುಳ್ಳನ್ನು 1999ರ ಆಗಸ್ಟ್ 11ಕ್ಕೆ ನಿಲ್ಲಿಸಿ, ಒಂದು ಪೂರ್ಣ ಆವರ್ತ ಮುಂದಕ್ಕೆ ತಿರುಗಿಸಿ. ತಲುಪುವುದು 2017ರ ಆಗಸ್ಟ್ 21. ಅಂದೂ ಖಗ್ರಾಸ ಸೂರ್ಯಗ್ರಹಣವೇ. ಆದರೆ ಹೆಚ್ಚುವರಿ 8 ಗಂಟೆಗಳಲ್ಲಿ ಭೂಮಿ ಮೂರನೆಯ ಒಂದು ಸುತ್ತು ತಿರುಗಿರುತ್ತದೆ. ಆದ್ದರಿಂದಲೇ ಮೊದಲನೆಯ ಖಗ್ರಾಸ ಯೂರೋಪು ಮತ್ತು ಭಾರತದ ಕೆಲ ಭಾಗಗಳಲ್ಲಿ, ಎರಡನೆಯದು ಅಮೆರಿಕದಲ್ಲಿ ಗೋಚರಿಸಿತು. ಈ ವ್ಯತ್ಯಾಸ ಸರಿಪಡಿಸಲು 8 ಮತ್ತು 16 ಗಂಟೆಗಳ ಗುರುತುಳ್ಳ ಕಿರುಫಲಕವನ್ನೂ ಗ್ರೀಕ್ ಕುಶಲಕರ್ಮಿಗಳು ಇರಿಸಿದ್ದರು.

ಸಾಕ್ಷ್ಯವೋ, ಊಹೆಯೋ?

ಪರದೆಯ ಮೇಲಿನ ಹೊಳೆಯುವ ಯಂತ್ರದಲ್ಲಿ ಎಲ್ಲವೂ ಸಮಾನ ಖಚಿತವಾಗಿ ಕಾಣುತ್ತದೆ, ವಾಸ್ತವ ಹಾಗಿಲ್ಲ. ತಿರುಗಿಸುವ ಹಿಡಿಕೆಯೇ ಉಳಿದಿಲ್ಲ. ಗ್ರಹಗಳನ್ನು ನಡೆಸುತ್ತಿದ್ದ ಚಕ್ರವ್ಯೂಹ ಬಹುಪಾಲು ನಷ್ಟವಾಗಿದೆ. ಶಾಸನಗಳಲ್ಲಿ ದೊರೆತ ಶುಕ್ರನ 462 ಹಾಗೂ ಶನಿಯ 442 ಎಂಬ ಸಂಖ್ಯೆಗಳನ್ನು ಆಧರಿಸಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ 2021ರಲ್ಲಿ ಮಂಡಿಸಿದ ಮಾದರಿಯೂ ಒಂದು ಸಾಧ್ಯತೆಯೇ. ಮುಂಬದಿಯ ಪಂಚಾಂಗ ಬಳೆಯಲ್ಲಿ 365 ದಿನಗಳಿದ್ದವೆಂಬುದು ಬಹುಕಾಲದ ನಂಬಿಕೆ. ಅದರ ರಂಧ್ರಗಳನ್ನು ಅಳೆದ 2020 ಮತ್ತು 2024ರ ಅಧ್ಯಯನಗಳು 354ರತ್ತ, ಅಂದರೆ ಚಾಂದ್ರಮಾನ ವರ್ಷದತ್ತ ಬೆರಳು ತೋರಿವೆ.

ಆದ್ದರಿಂದ ಇಂಥ ತಂತ್ರಾಂಶವನ್ನು ಆಯ್ದುಕೊಳ್ಳುವಾಗ ಚಿತ್ರದ ಅಂದವನ್ನಷ್ಟೇ ನೋಡದೆ, ಅದು ಯಾವ ವರ್ಷದ ಯಾವ ಸಂಶೋಧಕರ ಮಾದರಿಯನ್ನು ಅನುಸರಿಸಿದೆ, ಉಳಿದ ಚಕ್ರಗಳನ್ನೂ ಊಹಿಸಿದ ಚಕ್ರಗಳನ್ನೂ ಬೇರೆ ಬಣ್ಣದಲ್ಲಿ ತೋರಿಸುತ್ತದೆಯೇ ಎಂಬುದನ್ನು ಗಮನಿಸಬೇಕು. ಅಥೆನ್ಸ್‌ನ ಗಾಜಿನ ಪೆಟ್ಟಿಗೆಯಲ್ಲಿರುವ ಮೂಲ ಯಂತ್ರ ಇನ್ನೆಂದೂ ತಿರುಗದು. ಅದು ಹೇಗೆ ತಿರುಗುತ್ತಿತ್ತೆಂದು ಕಲಿಯುವ ಮಕ್ಕಳಿಗೆ, ಬಲ್ಲದ್ದು ಯಾವುದು, ಊಹಿಸಿದ್ದು ಯಾವುದು ಎಂಬ ವಿವೇಕವೂ ಜೊತೆಯಲ್ಲೇ ದಕ್ಕಬೇಕು.